ಮೋಡದಲ್ಲಿಟ್ಟ ಚಿತ್ರಗಳು

ಮೋಡವೆಂದರೆ ಮುಂಬಯಿಯಲ್ಲಿ ನಾಲ್ಕು ತಿಂಗಳು ನಮ್ಮ ಕೊಡೆಗಳನ್ನು ಪೀಡಿಸುವ ವಸ್ತುವೆಂದೇ ನಾನು ಬಹುಕಾಲ ತಿಳಿದಿದ್ದೆನು. ಅದರಲ್ಲಿ ಭಾವಚಿತ್ರಗಳನ್ನೂ ಇಡಬಹುದೆಂದು ನನಗೆ ತಿಳಿಸಿದವನು ಏಳನೆಯ ಇಯತ್ತೆಯಲ್ಲಿ ಓದುವ ನನ್ನ ಮಗ. "ಎಲ್ಲವೂ ಕ್ಲೌಡಿನಲ್ಲಿದೆ, ಅಪ್ಪ" ಎಂದು ಅವನು ಹೇಳಿದಾಗ ನಾನು ಕಿಟಕಿಯ ಕಡೆಗೆ ನೋಡಿದೆನು, ಬಾಲಮಿತ್ರರು ನಗಬಾರದು.

ಈ ಮೋಡವಿರುವುದು ಆಕಾಶದಲ್ಲಲ್ಲ, ನೆಲದ ಮೇಲೆ. ನವಿ ಮುಂಬಯಿಯ ಐರೋಲಿಯ ಕಡೆಗೆ ಹೋದರೆ 'ಡೇಟಾ ಸೆಂಟರು'ಗಳೆಂಬ ಭಾರಿ ಕಟ್ಟಡಗಳು ಕಾಣುತ್ತವೆ. ಅವುಗಳೊಳಗೆ ಕಂಪ್ಯೂಟರುಗಳು ಗ್ರಂಥಾಲಯದ ಕಪಾಟುಗಳಂತೆ ಸಾಲಾಗಿ ನಿಂತು ಹಗಲಿರುಳೂ ದುಡಿಯುತ್ತವೆ. ಅವುಗಳ ಕಾವನ್ನು ತಣಿಸಲು ಯಂತ್ರಗಳುಂಟು. ವಿದ್ಯುತ್ತು ಹೋದರೆ ಜನರೇಟರುಗಳುಂಟು. ನಮ್ಮ ಮೊಬೈಲಿನ ಚಿತ್ರವು ಅಂತರಜಾಲದ ಮೂಲಕ ಇಂಥ ಯಾವುದೋ ಊರಿನ, ಕೆಲವೊಮ್ಮೆ ಪರದೇಶದ, ಕಟ್ಟಡವನ್ನು ಸೇರುತ್ತದೆ. ಆದುದರಿಂದ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಮೊಬೈಲು ಕಳೆದುಹೋದರೂ ಚಿತ್ರವು ಉಳಿಯುತ್ತದೆ. ಒಟ್ಟಿನಲ್ಲಿ, ಪರರ ಮನೆಯ ಅಟ್ಟದಲ್ಲಿ ನಮ್ಮ ಪೆಟ್ಟಿಗೆಯನ್ನು ಇರಿಸಿದಂತೆ.

ಇಷ್ಟನ್ನು ತಿಳಿದವನೇ ನಾನು ಮೋಸಹೋದೆನು. ಒಂದು ದಿನ ಮೊಬೈಲು ಸ್ಥಳವಿಲ್ಲವೆಂದು ತಕರಾರು ಮಾಡಿತು. ಹೇಗೂ ಮೋಡದಲ್ಲಿ ಪ್ರತಿಯಿದೆಯೆಂಬ ಧೈರ್ಯದಿಂದ ಹಳೆಯ ಚಿತ್ರಗಳನ್ನೆಲ್ಲ ಅಳಿಸಿಬಿಟ್ಟೆನು. ಅವುಗಳಲ್ಲಿ ನಮ್ಮ ಅವ್ವನ ಕಡೆಯ ದಸರೆಯ ಚಿತ್ರಗಳಿದ್ದವು. ಧಾರವಾಡದ ಮನೆಯ ಕಟ್ಟೆಯ ಮೇಲೆ ಕುಳಿತು ಆಕೆ ಮೊಮ್ಮಕ್ಕಳ ಕೈಗೆ ಬನ್ನಿ ಕೊಡುತ್ತಿದ್ದಳು. ಮೂರು ತಿಂಗಳಾದ ಮೇಲೆ, ಆಕೆಯ ವರ್ಷಾಂತಿಕಕ್ಕೆಂದು ಹುಡುಕಿದರೆ ಮೋಡದಲ್ಲಿಯೂ ಏನೂ ಇರಲಿಲ್ಲ!

ಕಾರಣವನ್ನು ಮಗನೇ ವಿವರಿಸಿದನು. ಮೊಬೈಲೂ ಮೋಡವೂ ಒಂದಕ್ಕೊಂದು ಜೊತೆಯಾಗಿದ್ದುವು. 'ಸಿಂಕ್' ಎಂಬುದು ಇದರ ಹೆಸರು. ಒಂದು ಕಡೆ ಅಳಿಸಿದುದು ಇನ್ನೊಂದು ಕಡೆಯೂ ಅಳಿಯುತ್ತದೆ. ಮೊಬೈಲಿನಲ್ಲಿ ಮಾತ್ರ ಜಾಗ ಬಿಡಿಸುವ ಗುಂಡಿ ಬೇರೆಯೇ ಇದೆ; ನಾನು ಒತ್ತಿದ್ದು ಅದನ್ನಲ್ಲ. ಅಳಿಸಿದ ಚಿತ್ರಗಳು 60 ದಿನ ಕಸದ ಬುಟ್ಟಿಯಲ್ಲಿ ಕಾದಿದ್ದುವಂತೆ. ನಾನು ಹೋದದ್ದು ತೊಂಬತ್ತರ ಮೇಲೆ.

ಕಟ್ಟಡಗಳೂ ಅಮರವಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಇಂಥದೊಂದು ಕಟ್ಟಡವು ಬೆಂಕಿಗೆ ಆಹುತಿಯಾಯಿತು. ಬೇರೆಡೆ ಪ್ರತಿಯಿಡದಿದ್ದ ಅನೇಕರು ತಮ್ಮ ಕಡತಗಳನ್ನು ಕಳೆದುಕೊಂಡರು.

ಧಾರವಾಡದ ತಂಗಿಗೆ ನಾನೇ ಹಿಂದೆ ವಾಟ್ಸಾಪಿನಲ್ಲಿ ಕಳುಹಿಸಿದ್ದ ಮೂರು ಚಿತ್ರಗಳು ಅವಳ ಬಳಿ ಉಳಿದಿದ್ದುವು. ದಾರಿಯಲ್ಲಿ ಕುಗ್ಗಿ ಸ್ವಲ್ಪ ಮಸುಕಾಗಿದ್ದರೂ ಅವ್ವನ ಕೈಯ ಬನ್ನಿ ಕಾಣುತ್ತದೆ. ಅವನ್ನೀಗ ಮೋಡದಲ್ಲಿಯೂ ಇಟ್ಟಿದ್ದೇನೆ, ಒಂದು ಪೆನ್‌ಡ್ರೈವಿನಲ್ಲಿಯೂ ತುಂಬಿದ್ದೇನೆ. ಪೆನ್‌ಡ್ರೈವು ಅವ್ವನದೇ ಹಳೆಯ ಟ್ರಂಕಿನಲ್ಲಿ, ಅವಳ ಇಳಕಲ್ ಸೀರೆಯ ಮಡಿಕೆಯಲ್ಲಿದೆ.