ಕೆಂಪು ಪುಸ್ತಕದ ಪುಟ ನಂಬರು

ಹಳೇ ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಉದ್ರಿ ಲೆಕ್ಕವೆಲ್ಲ ಅಬ್ಬಾನ ಕೆಂಪು ಪುಸ್ತಕದಲ್ಲಿ. ಪೈಥಾನ್‌ನ ಡಿಕ್ಷನರಿ ಕಲಿತ ಹುರುಪಿನಲ್ಲಿ, ಕಳೆದ ರಂಜಾನ್‌ಗೆ ಮೊದಲು ಆ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿದೆ. ಗಿರಾಕಿಯ ಹೆಸರೇ ಕೀ, ಬಾಕಿಯೇ ವ್ಯಾಲ್ಯೂ. ಪುಸ್ತಕದ ಪುಟ ನಂಬರು ಯಾಕೆ ಬೇಕೆಂದು ಬಿಟ್ಟುಬಿಟ್ಟೆ.

ಈದ್ ಹತ್ತಿರ ಬಂದಾಗ ಒಬ್ಬ ಅಜ್ಜಿ ಬಾಕಿ ತೀರಿಸಲು ಬಂದರು. ಪರದೆ ನೋಡಿ ‘1,140 ರೂಪಾಯಿ’ ಎಂದೆ. ಅಜ್ಜಿ ಒಂದು ಗಳಿಗೆ ಸುಮ್ಮನಾದರು. ‘ಅಷ್ಟ ಆಗೇತೇನ? ಕಂಪ್ಯೂಟರ್‌ನ್ಯಾಗ ಬಂದದ್ದು ಖರೇನ ಇರಬೇಕ ಬಿಡಪಾ’ ಎಂದು ಸೆರಗಿನ ಗಂಟು ಬಿಚ್ಚತೊಡಗಿದರು. ಅಬ್ಬಾ ಅವರನ್ನು ತಡೆದು ಪುಸ್ತಕ ತೆಗೆದರು. ಅಜ್ಜಿಯ ಬಾಕಿ 460. ಉಳಿದ 680 ಅದೇ ಹೆಸರಿನ, ಬೇರೆ ಓಣಿಯ ಇನ್ನೊಬ್ಬರದು.

ಡಿಕ್ಷನರಿಯಲ್ಲಿ ಒಂದು ಕೀ ಒಂದೇ ಸಲ ಇರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಒಂದೇ ಹೆಸರಿನವರು ಇಬ್ಬರಾದಾಗ ನನ್ನ ಪ್ರೋಗ್ರಾಂ ಎರಡೂ ಮೊತ್ತವನ್ನು ಒಂದೇ ಜಾಗದಲ್ಲಿ ಕೂಡಿಸಿತು. ಎರರ್ ಬರಲಿಲ್ಲ. ಬಂದಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಆ ರಾತ್ರಿ ತರಾವೀಹ್ ಮುಗಿಸಿ ಬಂದು ಕೆಂಪು ಪುಸ್ತಕ ಬಿಚ್ಚಿದೆ. ಮನೆಗೊಂದು ಪುಟ, ಪುಟಕ್ಕೊಂದು ನಂಬರು. ಎಲ್ಲಿಯೂ ಅಳಿಸಿದ ಗುರುತಿಲ್ಲ. ತಪ್ಪಾಗಿದ್ದರೆ ಅದನ್ನು ಸರಿಪಡಿಸುವ ಇನ್ನೊಂದು ಸಾಲು ಕೆಳಗಿದೆ.

ಪ್ರೋಗ್ರಾಂ ಹೊಸದಾಗಿ ಬರೆದೆ. ಈಗ ಪುಟ ನಂಬರೇ ಕೀ. ವ್ಯಾಲ್ಯೂ ಒಂದು ಲಿಸ್ಟ್: ತಾರೀಖು, ಉದ್ರಿಯೋ ಜಮೆಯೋ, ಮೊತ್ತ. ಸಾಲು ಸೇರಿಸಬಹುದು, ಅಳಿಸುವಂತಿಲ್ಲ. ಬಾಕಿಯನ್ನು ಬೇರೆಯಾಗಿ ಇಡುವುದಿಲ್ಲ. ಕೇಳಿದಾಗ ಸಾಲುಗಳನ್ನು ಕೂಡಿ ಕಳೆದು ಹೇಳುತ್ತದೆ. ಬಾಕಿಯನ್ನೂ ಬರೆದಿಟ್ಟರೆ ಒಂದು ದಿನ ಅದು ಒಂದು, ಸಾಲುಗಳು ಇನ್ನೊಂದು ಹೇಳುತ್ತವೆ. ಇಲ್ಲದ ಪುಟಕ್ಕೆ ಬರೆಯಲು ಹೋದರೆ, ಮೊತ್ತ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಒಂದೇ ಹೆಸರಿನ ಇಬ್ಬರನ್ನು ಸೇರಿಸಿಯೇ ಮೊದಲ ಪರೀಕ್ಷೆ ಮಾಡಿದೆ.

ಕುರ್‌ಆನ್‌ನ ಅತಿ ದೀರ್ಘ ಆಯತ್, ಸೂರಾ ಅಲ್-ಬಖರಾದ 282ನೆಯದು, ಸಾಲ ಬರೆದಿಡುವುದರ ಬಗ್ಗೆ ಇದೆ. ಬರೆಯುವವನು ನ್ಯಾಯವಾಗಿ ಬರೆಯಬೇಕು, ಮೊತ್ತ ಸಣ್ಣದೆಂದು ಬೇಸರಿಸಬಾರದು ಎಂದು ಅದು ಹೇಳುತ್ತದೆ. ಅದನ್ನು ಎಷ್ಟೋ ಸಲ ಕೇಳಿದ್ದೆ. ಆ ಬರೆಯುವವನು ನಾನೂ ಆಗಬಹುದು ಎಂದು ಹೊಳೆದಿರಲಿಲ್ಲ.

ಅಬ್ಬಾ ಇನ್ನೂ ಕೆಂಪು ಪುಸ್ತಕ ಬಿಟ್ಟಿಲ್ಲ. ಬಿಡಿ ಎಂದು ನಾನೂ ಹೇಳುವುದಿಲ್ಲ. ಅಂಗಡಿ ಮುಚ್ಚುವ ಮೊದಲು ಇಬ್ಬರೂ ಕೂತು ಎರಡನ್ನೂ ತಾಳೆ ನೋಡುತ್ತೇವೆ.