ಒಂದು ಅಂಗುಲದ ಬಿಡುವು

ಸೊರಬದ ಸುತ್ತಿನ ಅಡಿಕೆ ತೋಟಗಳಲ್ಲಿ ಹಳೆಯ ಜೀಪೆಂದರೆ ಮನೆಯ ಮುದಿ ಎತ್ತಿದ್ದಂತೆ. ದುಡಿಯುವ ಕಾಲದಲ್ಲಿ ಅದನ್ನು ಹೊಗಳುವವರಿಲ್ಲ. ಮಾರುವ ಮಾತು ಬಂದಾಗ ಮಾತ್ರ ಮನೆಮಂದಿಗೆಲ್ಲ ಅದರ ಗುಣಗಳು ನೆನಪಾಗುತ್ತವೆ. ರಾಯರೊಬ್ಬರ ಮನೆಯಲ್ಲಿ ದೀಪಾವಳಿಯ ಮರುದಿನ ಅಂಥದೊಂದು ಮಾತು ಬಂದಿತು.

“ಅಪ್ಪಯ್ಯ, ನಿಮಗೀಗ ಎಪ್ಪತ್ತೆರಡು. ಆ ಕ್ಲಚ್ಚು ತುಳಿದು ತುಳಿದು ಎಡಗಾಲಿನ ಮಂಡಿ ಹೋಯಿತು. ಗುಜರಿಯವನು ಕೇಳಿದಷ್ಟಕ್ಕೆ ಕೊಟ್ಟುಬಿಡೋಣ” ಎಂದ, ಬೆಂಗಳೂರಿನಿಂದ ಬಂದಿದ್ದ ಮಗ.

ರಾಯರು ಉತ್ತರ ಕೊಡಲಿಲ್ಲ. ಒಳಗಿನಿಂದ ಅವರ ಪತ್ನಿ, “ನೀನು ಹುಟ್ಟುವ ಹಿಂದಿನ ರಾತ್ರಿ, ಆ ಸುರಿಮಳೆಯಲ್ಲಿ ನನ್ನನ್ನು ಶಿಕಾರಿಪುರದ ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ ಜೀಪು ಕಣೋ” ಎಂದರು. ಮಗ ಸುಮ್ಮನಾದ. ಆದರೆ ಹಳೆಯ ಉಪಕಾರದ ನೆನಪು ಮಂಡಿನೋವಿಗೆ ಮದ್ದಾದೀತೇ? ಕೊನೆಗೆ ಶಿಕಾರಿಪುರದ ಮೇಸ್ತ್ರಿಗೆ ಒಮ್ಮೆ ತೋರಿಸುವುದು, ಅವನೂ ಕೈಚೆಲ್ಲಿದರೆ ಮಾರುವುದು ಎಂದು ತಂದೆಮಕ್ಕಳಲ್ಲಿ ಒಪ್ಪಂದವಾಯಿತು.

ಈ ಜೀಪಿನ ವಂಶಾವಳಿ ಸಣ್ಣದಲ್ಲ. ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮಹೀಂದ್ರ ಸಂಸ್ಥೆ 1947ರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿತು. 1953ರಲ್ಲಿ ಅಮೆರಿಕದಲ್ಲಿ ಹೊರಬಂದ, ಬಾನೆಟ್ಟು ಎತ್ತರದ ಸಿಜೆ-3ಬಿ ಮಾದರಿ ಮುಂದೆ ನಮ್ಮ ನಾಡಿನದೇ ಎಂಬಷ್ಟು ಬಳಕೆಗೆ ಬಂದಿತು. ಅದರ ಹರಿಕೇನ್ ಪೆಟ್ರೋಲ್ ಎಂಜಿನ್ನು 134 ಘನ ಅಂಗುಲದ್ದು, ಎಂದರೆ ಸುಮಾರು 2.2 ಲೀಟರಿನದು. ಪೆಟ್ರೋಲು ದುಬಾರಿಯಾದಂತೆ ಎಷ್ಟೋ ಜೀಪುಗಳು ಡೀಸೆಲ್ ಎಂಜಿನ್ನನ್ನು ಹೊಟ್ಟೆಗೆ ಹಾಕಿಕೊಂಡವು. ರಾಯರ ಜೀಪೂ ಹಾಗೆಯೇ ಮಾಡಿತ್ತು. ಬೇನೆ ಶುರುವಾದದ್ದೂ ಅಲ್ಲಿಂದಲೇ.

ಮೇಸ್ತ್ರಿ ಜೀಪಿನಡಿ ಗೋಣಿ ಹಾಸಿ ಮಲಗಿದ. ಬ್ಯಾಟರಿ ಹಿಡಿಯಲು ಮಗನೂ ಅಂಗಿಯ ಆಸೆ ಬಿಟ್ಟು ಪಕ್ಕದಲ್ಲಿ ಮಲಗಬೇಕಾಯಿತು.

“ನೋಡಿ ಸ್ವಾಮಿ, ಪೆಡಲಿನ ಸರಳು ಈ ಅಡ್ಡದಂಡದ ಒಂದು ತೋಳನ್ನು ಎಳೆಯುತ್ತದೆ. ದಂಡ ತಿರುಗಿ, ಇನ್ನೊಂದು ತೋಳು ಕ್ಲಚ್ಚಿನ ಫೋರ್ಕನ್ನು ಎಳೆಯುತ್ತದೆ. ದಂಡದ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ತುದಿ ಎಂಜಿನ್ನಿನ ಕಡೆ. ಎಂಜಿನ್ನು ರಬ್ಬರಿನ ಮೇಲೆ ಕೂತು ಕುಲುಕುತ್ತದಲ್ಲ, ಅದಕ್ಕೇ ಎರಡು ತುದಿಗೂ ಗುಂಡು ಕೀಲು. ಈಗ ಹೊಗೆಕೊಳವೆ ಎಲ್ಲಿ ಇಳಿದಿದೆ ನೋಡಿ!”

ಡೀಸೆಲ್ ಎಂಜಿನ್ನಿನ ಹೊಗೆಕೊಳವೆ ನೇರವಾಗಿ ಅಡ್ಡದಂಡದ ಮೇಲೆಯೇ ಇಳಿದಿತ್ತು. ಹಿಂದೆ ಅದನ್ನು ಕೂರಿಸಿದವರು, ಕೊಳವೆಗೆ ದಾರಿಯಾಗಲೆಂದು ದಂಡದ ತೋಳನ್ನೇ ಕಾಯಿಸಿ ಬಗ್ಗಿಸಿದ್ದರು. ಬಗ್ಗಿದ ತೋಳು ಗಿಡ್ಡವಾದಂತೆಯೇ ಸರಿ. ಆದ್ದರಿಂದ ಪೆಡಲು ಕಲ್ಲಿನಂತೆ ಭಾರ. ಸರಳು ಓರೆಯಾಗಿ ಎಳೆದು ಬುಷ್ಷುಗಳು ಸವೆದಿದ್ದವು. ಆದ್ದರಿಂದ ಪೂರ್ತಿ ತುಳಿದರೂ ಕ್ಲಚ್ಚು ಪೂರ್ತಿ ಬಿಡದೆ ಗೇರು ಕರಕರ ಹಲ್ಲು ಕಡಿಯುತ್ತಿತ್ತು.

ಈ ಜಗಳ ಸೊರಬದ ಜೀಪಿಗೆ ಮಾತ್ರ ಬಂದದ್ದಲ್ಲ. 1964ರ ಪಾಂಟಿಯಾಕ್ ಜಿಟಿಒದಂಥ ಮಹಾಶಕ್ತಿಯ ಕಾರುಗಳನ್ನು ಇಂದಿಗೂ ಮುದ್ದಿನಿಂದ ಸಾಕುವ ಅಮೆರಿಕದ ಹವ್ಯಾಸಿಗಳಿಗೂ ಇದೇ ತಲೆನೋವು. ಹೊಗೆ ಸಲೀಸಾಗಿ ಹೊರಹೋಗಲೆಂದು ಅವರು ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಕೊಳವೆಯಿರುವ ಹೆಡರುಗಳನ್ನು ಹಾಕುತ್ತಾರೆ. ಆ ಕೊಳವೆಗಳು ಹಾವಿನ ಮರಿಗಳಂತೆ ಸುತ್ತಿ ಬಂದು ಕ್ಲಚ್ಚಿನ ಅಡ್ಡದಂಡವನ್ನು ಒತ್ತರಿಸುತ್ತವೆ. ಎಂಜಿನ್ನು 389 ಘನ ಅಂಗುಲದ್ದಾದರೇನು, 134ರದಾದರೇನು, ಒಂದೇ ಜಾಗದಲ್ಲಿ ಎರಡು ಕಬ್ಬಿಣ ನಿಲ್ಲಲಾರವು.

“ತೋಳನ್ನು ಇನ್ನೂ ಉದ್ದ ಮಾಡಿದರೆ ಮತ್ತಷ್ಟು ಹಗುರವಾದೀತಲ್ಲ?” ಎಂದು ರಾಯರು ಮೇಲಿನಿಂದಲೇ ಕೇಳಿದರು.

“ಆದೀತು ರಾಯರೇ. ಎರಡರಷ್ಟು ಉದ್ದ ಮಾಡಿದರೆ ಅರ್ಧ ಬಲ ಸಾಕು. ಆದರೆ ಫೋರ್ಕು ಸರಿಯುವುದೂ ಅರ್ಧವೇ ಆಗುತ್ತದೆ. ಆಗ ಕ್ಲಚ್ಚು ಬಿಡುವುದೇ ಇಲ್ಲ. ಬಿಟ್ಟಿ ಬಲ ಯಾರೂ ಕೊಡುವುದಿಲ್ಲ.”

ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದ ತುಂಡಿಗೆ ಉಳಿ ಹಚ್ಚುವ ಮೊದಲು ಎಷ್ಟು ಹೊತ್ತು ಅದನ್ನು ತಿರುಗಿಸಿ ನೋಡುತ್ತಾರೋ, ಮೇಸ್ತ್ರಿಯೂ ಅಷ್ಟು ಹೊತ್ತು ನೋಡಿದ. ಬಳಿಕ ದಪ್ಪ ತಂತಿಯೊಂದನ್ನು ಬಗ್ಗಿಸಿ ಕೊಳವೆಗೆ ಹೊಸ ದಾರಿಯ ಮಾದರಿ ಮಾಡಿಕೊಂಡ. ಬಗ್ಗಬೇಕಾದದ್ದು ಕೊಳವೆ, ಬಲ ಹೊರುವ ಸರಳು ನೆಟ್ಟಗಿರಬೇಕು ಎಂಬುದು ಅವನ ಸಿದ್ಧಾಂತ. ಎಂಜಿನ್ನನ್ನು ಸನ್ನೆಕೋಲಿನಿಂದ ಅಲ್ಲಾಡಿಸಿದಾಗಲೂ ಎರಡರ ನಡುವೆ ಒಂದು ಬೆರಳು ಆಡುವಷ್ಟು ಜಾಗ ಬಿಟ್ಟು ಕೊಳವೆಯನ್ನು ಬೆಸೆದ. ಹೊಸ ತೋಳು, ಹೊಸ ಬುಷ್ಷು, ಕೀಲುಗಳಿಗೆ ಗ್ರೀಸು, ಪೆಡಲಿಗೆ ಹೊಸ ಸ್ಪ್ರಿಂಗು. ಕೊನೆಗೆ ಪೆಡಲನ್ನು ಕೈಯಿಂದ ಒತ್ತಿ, ಮೊದಲ ಒಂದು ಅಂಗುಲ ಅದು ಸಡಿಲವಾಗಿ ಆಡುವಂತೆ ನಟ್ಟು ತಿರುಗಿಸಿ ಬಿಗಿದ.

“ಈ ಸಡಿಲವೂ ತೆಗೆದುಬಿಡಿ” ಎಂದ ಮಗ.

“ಬೇಡ ಸ್ವಾಮಿ. ಈ ಬಿಡುವು ಇಲ್ಲದಿದ್ದರೆ ಬೇರಿಂಗು ಹಗಲಿರುಳೂ ಉಜ್ಜಿ ಸುಟ್ಟುಹೋಗುತ್ತದೆ. ಕ್ಲಚ್ಚೂ ಜಾರುತ್ತದೆ. ಸದಾ ಒತ್ತಿಕೊಂಡೇ ಇದ್ದರೆ ಯಾವುದೂ ಬಾಳುವುದಿಲ್ಲ.”

ಸಂಜೆ ರಾಯರೇ ಜೀಪು ಹತ್ತಿದರು. ಪೆಡಲು ಒಳಗಿಳಿಯಿತು, ಗೇರು ಸದ್ದಿಲ್ಲದೆ ಬಿದ್ದಿತು. ಅವರ ಮುಖದಲ್ಲಿ ಇಪ್ಪತ್ತು ವರ್ಷ ಕಡಿಮೆಯಾದಂತಿತ್ತು. ಮಗ ಬಾಯಿ ತೆರೆಯಲಿಲ್ಲ. ಗುಜರಿಯ ಮಾತನ್ನಂತೂ ಎತ್ತಲೇ ಇಲ್ಲ.

ಶಿರಾಳಕೊಪ್ಪದ ಬಸ್ ನಿಲ್ದಾಣದ ಬಳಿ ಜನಜಂಗುಳಿ. ಐದಾರು ಬಾರಿ ನಿಲ್ಲಿಸಿ ಹೊರಡಿಸಬೇಕಾಯಿತು. ಊರು ದಾಟಿದ ಮೇಲೆ ರಾಯರು ಜೀಪನ್ನು ಬದಿಗೆ ನಿಲ್ಲಿಸಿ ಮಂಡಿಯನ್ನು ನೀವಿಕೊಂಡರು.

“ಕ್ಲಚ್ಚು ಸರಿಯಾಯಿತಪ್ಪ. ಮಂಡಿಗೆ ಮಾತ್ರ ಹೊಸ ಬುಷ್ಷು ಸಿಗುವುದಿಲ್ಲ. ತೋಟದವರೆಗೆ ನಾನು, ಶಿಕಾರಿಪುರದ ದಾರಿ ಇನ್ನು ನಿನ್ನದು” ಎಂದು ಇಳಿದು ಎಡಗಡೆಗೆ ಬಂದರು.

ಮಗ ಚಕ್ರ ಹಿಡಿದ. ಮೊದಲ ಸಲ ಗೇರು ಬದಲಿಸುವಾಗ ಜೀಪು ಸ್ವಲ್ಪ ಮುಗ್ಗರಿಸಿತು. ತಪ್ಪು ಹೇಳಲು ರಾಯರ ಬಾಯಿ ತೆರೆಯಿತು. ಏನೋ ನೆನಪಾಗಿ, ಹಾಗೆಯೇ ಮುಚ್ಚಿಕೊಂಡಿತು. ಜೀಪು ಸೊರಬದ ಕಡೆಗೆ ಸಾಗಿತು.