ಸಿಪಾಯಿ ಅಂಗಿಯಲ್ಲಿ ಉಳಿದ ಇತಿಹಾಸ

ಜಾವಾ ದ್ವೀಪದ ಯೋಗ್ಯಕರ್ತಕ್ಕೆ ಹೋದ ಪ್ರವಾಸಿಗರು ಸಾಮಾನ್ಯವಾಗಿ ಬೊರೊಬುದೂರಿನ ಸ್ತೂಪವನ್ನೂ ಪ್ರಂಬಾನನ್ನಿನ ಶಿವಾಲಯವನ್ನೂ ನೋಡಿ, ಮಾಲಿಯೊಬೊರೊ ಬೀದಿಯಲ್ಲಿ ಒಂದೆರಡು ಬಾಟಿಕ್ ಬಟ್ಟೆ ಕೊಂಡು ಹಿಂದಿರುಗುತ್ತಾರೆ. ಅದೇ ಊರಿನ ಜನರಲ್ ಸುದಿರ್ಮನ್ ರಸ್ತೆಯಲ್ಲಿ ಡಚ್ಚರ ಕಾಲದ ಕಟ್ಟಡವೊಂದಿದೆ. ಹೆಸರು 'ಧರ್ಮ ವಿರಾತಮ'. ನಮ್ಮ ಕಿವಿಗೆ 'ಧರ್ಮ ವೀರೋತ್ತಮ' ಎಂದೇ ಕೇಳಿಸುವ ಇದು ಇಂಡೊನೇಷ್ಯ ಭೂಸೇನೆಯ ವಸ್ತುಸಂಗ್ರಹಾಲಯ. 1945ರಲ್ಲಿ, ಆಗ ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದ ದೇಶದ ಸೇನಾ ಕೇಂದ್ರ ಕಚೇರಿ ಇದ್ದದ್ದು ಇಲ್ಲಿಯೇ. ಬಂದೂಕು, ಬಾವುಟಗಳ ಜೊತೆಗೆ ಸೈನಿಕರ ಹಳೆಯ ಉಡುಪುಗಳನ್ನೂ ಇಲ್ಲಿ ಕಾಪಿಟ್ಟಿದ್ದಾರೆ. ಮಕ್ಕಳ ಕಣ್ಣು ಮೊದಲು ಹೋಗುವುದು ಬಂದೂಕಿನತ್ತ. ಆದರೆ ಮನುಷ್ಯನ ಮೈಗೆ ಅಂಟಿಕೊಂಡಿದ್ದ ಬಟ್ಟೆ ಹೇಳುವಷ್ಟನ್ನು ಬಂದೂಕು ಹೇಳಲಾರದು.

ಗೋಣಿಚೀಲದ ದಿನಗಳು

1942ರಿಂದ 1945ರವರೆಗೆ ಜಾವಾ ಜಪಾನೀಯರ ವಶದಲ್ಲಿತ್ತು. ಬಟ್ಟೆಗೆ ಎಂಥ ಬರ ಬಂತೆಂದರೆ ಬಡವರು ಗೋಣಿಚೀಲವನ್ನು ಉಟ್ಟರು. ಕೆಲವೆಡೆ ಮರದ ತೊಗಟೆಯ ನಾರನ್ನೂ ಉಟ್ಟರು. ಅಂಥ ಕಾಲದಲ್ಲಿ ಹುಟ್ಟಿದ ಸೇನೆಗೆ ಒಂದೇ ಬಗೆಯ ಸಮವಸ್ತ್ರ ಎಲ್ಲಿಂದ ಬರಬೇಕು? ಒಬ್ಬನ ತಲೆಯ ಮೇಲೆ ಜಪಾನೀ ಟೊಪ್ಪಿಗೆ, ಇನ್ನೊಬ್ಬನ ಮೈಮೇಲೆ ಡಚ್ ಅಂಗಿ, ಮತ್ತೊಬ್ಬನದು ಮನೆಯ ಬಟ್ಟೆ.

ಈ ಸೇನೆಯ ಮಹಾದಂಡನಾಯಕರಾಗಿದ್ದ ಸುದಿರ್ಮನ್ ಮೊದಲು ಶಾಲಾ ಶಿಕ್ಷಕರು. 1948ರ ಡಿಸೆಂಬರ್‌ನಲ್ಲಿ ಡಚ್ಚರು ಯೋಗ್ಯಕರ್ತವನ್ನು ಹಿಡಿದಾಗ, ಕ್ಷಯದಿಂದ ಬಳಲುತ್ತಿದ್ದ ಅವರು ಡೋಲಿಯಲ್ಲಿ ಕುಳಿತು ಕಾಡು ಬೆಟ್ಟಗಳಲ್ಲಿ ಗೆರಿಲ್ಲಾ ಯುದ್ಧ ನಡೆಸಿದರು. ಅಂದಿನ ಛಾಯಾಚಿತ್ರಗಳಲ್ಲಿ ಅವರ ಮೈಮೇಲೆ ಉದ್ದನೆಯ ಕೋಟು, ತಲೆಯ ಮೇಲೆ ಜಾವಾದ ರುಮಾಲು. 1950ರ ಜನವರಿಯಲ್ಲಿ, ಕೇವಲ 34ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಯೋಗ್ಯಕರ್ತದ ಬಿಂತಾರಾನ್ ಬಡಾವಣೆಯಲ್ಲಿ ಅವರಿದ್ದ ಮನೆ ಈಗ ಸ್ಮಾರಕ.

ಲೋರೆಂಗ್ ಎಂಬ ಪಟ್ಟೆ

ಮರೆಮಾಚುವ ಬಣ್ಣದ ಸೈನಿಕ ಬಟ್ಟೆಗೆ ಇಂಡೊನೇಷ್ಯನ್ನರು 'ಲೋರೆಂಗ್', ಅಂದರೆ ಪಟ್ಟೆಪಟ್ಟೆ, ಎನ್ನುತ್ತಾರೆ. ಕಾಡಿನ ನೆರಳು ಬೆಳಕಿನಲ್ಲಿ ಮನುಷ್ಯನ ಆಕಾರವನ್ನು ಒಡೆದು ತೋರಿಸುವುದೇ ಅದರ ಕೆಲಸ. ಮೊದಲಿಗೆ ಬಂದದ್ದು ಚಿರತೆಯ ಮಚ್ಚೆಯಂಥ ಅಮೆರಿಕನ್ ನಮೂನೆ. ಅದು ಡಚ್ಚರ ಮೂಲಕ ಇಲ್ಲಿಗೆ ತಲುಪಿತ್ತು. ಅನಂತರ ವಿಶೇಷ ಕಮಾಂಡೋ ಪಡೆಗೆ ಕುಂಚದಿಂದ ಬಳಿದಂಥ ಗೆರೆಗಳ ಬಟ್ಟೆ ಬಂತು. ಅದರ ಹೆಸರು 'ದಾರಾ ಮೆಂಗಾಲಿರ್', ಎಂದರೆ ಹರಿಯುವ ರಕ್ತ. 1980ರ ದಶಕದಲ್ಲಿ ಸೇನೆಗೆಲ್ಲ ಬ್ರಿಟಿಷ್ ಮಾದರಿಯ ನಮೂನೆ ಬಂದಾಗ ಜನ ಅದನ್ನು 'ಮಾಲ್ವಿನಾಸ್' ಎಂದು ಕರೆದರು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ತೊಟ್ಟದ್ದು ಅದನ್ನೇ. ಆ ದ್ವೀಪಗಳಿಗೆ ಅರ್ಜೆಂಟೀನಾದವರು ಇಟ್ಟ ಹೆಸರು ಮಾಲ್ವಿನಾಸ್. 2022ರಲ್ಲಿ ಭೂಸೇನೆಗೆ ಮತ್ತೆ ಹೊಸ ನಮೂನೆ ಬಂತು. ಬಲ್ಲ ಸಂಗ್ರಾಹಕರು ಹಳೆಯ ಛಾಯಾಚಿತ್ರದಲ್ಲಿನ ಪಟ್ಟೆಗಳನ್ನು ನೋಡಿಯೇ ಅದರ ಕಾಲವನ್ನು ಅಂದಾಜು ಮಾಡಬಲ್ಲರು.

ತೊಳೆಯಬಾರದ ಕಲೆ

ಜಾವಾದ ತೇವದ ಹವೆ ಬಟ್ಟೆಗೆ ಶತ್ರು. ಹತ್ತಿಗೆ ಬೂಷ್ಟು ಹಿಡಿಯುತ್ತದೆ, ಹಿತ್ತಾಳೆ ಗುಂಡಿಗೆ ಕಿಲುಬು ಬರುತ್ತದೆ, ಕಬ್ಬಿಣದ ಕೊಂಡಿಯ ತುಕ್ಕು ನೂಲನ್ನೇ ತಿನ್ನುತ್ತದೆ. ಗಂಜಿ ಹಾಕಿದ ಅಂಗಿಯನ್ನು ಹಳೆಯ ಪುಸ್ತಕಗಳಲ್ಲಿ ಓಡಾಡುವ ಬೆಳ್ಳಿಬಣ್ಣದ ಹುಳು ಹುಡುಕಿಕೊಂಡು ಬರುತ್ತದೆ. ಜಾವಾದ ಹೆಂಗಸರು ಬಾಟಿಕ್ ಬಟ್ಟೆಯನ್ನು ಅಂಟುವಾಳದಲ್ಲಿ ತೊಳೆದು, ಲಾವಂಚದ ಬೇರಿನೊಡನೆ ಮಡಿಚಿಡುವುದು ಹಳೆಯ ರೂಢಿ. ನಮ್ಮ ಅಜ್ಜಿಯರಿಗೂ ಈ ಎರಡೂ ಹೊಸದಲ್ಲ!

ಆದರೆ ಯುದ್ಧ ಕಂಡ ಅಂಗಿಯನ್ನು ಹೀಗೆ ತೊಳೆಯುವಂತಿಲ್ಲ. ಅದರ ಮಣ್ಣು, ಬೆವರಿನ ಕಲೆ, ಒರಟು ತೇಪೆ ಎಲ್ಲವೂ ಸಾಕ್ಷ್ಯ. ಜಕಾರ್ತದ ಅಂಚಿನ ಲುಬಾಂಗ್ ಬುವಾಯಾ ಸಂಗ್ರಹಾಲಯದಲ್ಲಿ ಇದರ ಅರ್ಥ ತಿಳಿಯುತ್ತದೆ. 1965ರ ಅಕ್ಟೋಬರ್ 1ರ ನಸುಕಿನಲ್ಲಿ ದಂಗೆಕೋರ ಸೈನಿಕರ ಕೈಗೆ ಸಿಕ್ಕಿ ಸತ್ತ ಸೇನಾಧಿಕಾರಿಗಳ ರಕ್ತದ ಕಲೆಯ ಉಡುಪುಗಳು ಅಲ್ಲಿವೆ. ನೋಡಿದವರ ಎದೆ ಭಾರವಾಗುತ್ತದೆ. ಆದರೆ ಅದರ ಬೆನ್ನಿಗೇ, ಕಮ್ಯುನಿಸ್ಟರೆಂಬ ಆರೋಪ ಹೊತ್ತು ಕೊಲೆಯಾದವರು ಸುಮಾರು 5 ಲಕ್ಷ ಎಂಬುದು ಇತಿಹಾಸಕಾರರ ಅಂದಾಜು. ಆ ದಮನದಲ್ಲಿ ಮೇಲೆ ಹೇಳಿದ ಕಮಾಂಡೋ ಪಡೆಯ ಕೈಯೂ ಇತ್ತು. ಸತ್ತ ಆ ಸಾಮಾನ್ಯರ ಅಂಗಿಗಳಿಗೆ ಅಲ್ಲಿ ಗಾಜಿನ ಕಪಾಟಿಲ್ಲ. ಯಾವುದನ್ನು ಕಾಪಿಟ್ಟಿದ್ದಾರೆ ಎಂಬುದರಷ್ಟೇ ಯಾವುದನ್ನು ಬಿಟ್ಟಿದ್ದಾರೆ ಎಂಬುದನ್ನೂ ಕೇಳಿಕೊಳ್ಳುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಹೊಲಿದ ಕೈಗಳ ಕಥೆಯೂ ಇದರಲ್ಲಿ ಸೇರಿದೆ. ಸೋಲೋ ನಗರದ ಪಕ್ಕದ ಸುಕೊಹಾರ್ಜೋದಲ್ಲಿ 'ಸ್ರಿಟೆಕ್ಸ್' ಎಂಬ ದೊಡ್ಡ ಕಾರ್ಖಾನೆ ಇತ್ತು. 1966ರಲ್ಲಿ ಸೋಲೋ ಮಾರುಕಟ್ಟೆಯ ಬಟ್ಟೆ ವ್ಯಾಪಾರದಿಂದ ಆರಂಭವಾಗಿ, ಜರ್ಮನಿಯೂ ಸೇರಿದಂತೆ ಅನೇಕ ದೇಶಗಳ ಸೇನೆಗಳಿಗೆ ಸಮವಸ್ತ್ರ ಕಳಿಸುವಷ್ಟು ಬೆಳೆಯಿತು. 2024ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಅದನ್ನು ದಿವಾಳಿ ಎಂದು ಸಾರಿತು. 2025ರ ಮಾರ್ಚ್ 1ರಂದು ಬಾಗಿಲು ಮುಚ್ಚಿತು. ಹತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು.

ನಮ್ಮ ಟ್ರಂಕಿನಲ್ಲೂ...

1945ರಲ್ಲಿ ಬ್ರಿಟಿಷರು ಜಾವಾದ ಸುರಬಾಯಕ್ಕೆ ಕಳಿಸಿದ ಪಡೆಗಳಲ್ಲಿ ಮರಾಠಾ ಲಘು ಪದಾತಿ ದಳದ ತುಕಡಿಗಳೂ ಇದ್ದವು. ಆ ದಳದ ಕೇಂದ್ರ ನಮ್ಮ ಬೆಳಗಾವಿ. ಆ ಕಾಲದ ಅಂಗಿಯೊಂದು ಯಾವುದಾದರೂ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿದ್ದರೆ ಆಶ್ಚರ್ಯವಿಲ್ಲ. ಅಂಥದ್ದು ಸಿಕ್ಕರೆ ಒಗೆಯಬೇಡಿ, ಇಸ್ತ್ರಿ ಮಾಡಬೇಡಿ. ಪಿನ್ನುಗಳನ್ನು ತೆಗೆಯಿರಿ. ಒಗೆದು ಗಂಜಿ ತೆಗೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಸಿಲು ತೇವ ತಾಗದ ಕಡೆ ಇಡಿ. ಮಡಿಕೆಯನ್ನು ಆಗಾಗ್ಗೆ ಬದಲಿಸಿ. ಅದನ್ನು ತೊಟ್ಟಿದ್ದವರು ಯಾರು, ಎಲ್ಲಿಗೆ ಹೋಗಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಆ ಚೀಟಿ ಇಲ್ಲದಿದ್ದರೆ ಅದು ಬರಿಯ ಹಳೆಯ ಬಟ್ಟೆಯಾಗಿ ಉಳಿಯುತ್ತದೆ.